ಸಕ್ಕರೆ ಕಾಯಿಲೆಗೆ ಎಣ್ಣೆಯಲ್ಲಿ ಮದ್ದಿದೆಯೇ?

ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ಮನೆಯಲ್ಲಿ ಮೊದಲು ಚಹಾದ ಸಕ್ಕರೆ ನಿಲ್ಲುತ್ತದೆ. ಸ್ವಲ್ಪ ದಿನಗಳಲ್ಲೇ ಎಣ್ಣೆಯ ಒಂದು ಪುಟ್ಟ ಬಾಟಲಿ ಬರುತ್ತದೆ. ಹೆಚ್ಚಾಗಿ ಅದು ಕರಿಜೀರಿಗೆಯ, ಅಂದರೆ ಕಲೋಂಜಿಯ ಎಣ್ಣೆ. ಗಲ್ಫ್‌ನಲ್ಲಿರುವ ಮಗನೋ ಅಳಿಯನೋ ಕಳುಹಿಸಿದ್ದಾದರೆ ಆಲಿವ್ ಎಣ್ಣೆ ಅಥವಾ ಮೀನೆಣ್ಣೆಯ ಕ್ಯಾಪ್ಸೂಲ್. ತಿಂಗಳು ಕಳೆದ ಮೇಲೆ ನನ್ನ ಮುಂದೆ ಬರುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಎಣ್ಣೆ ಕುಡೀತಾ ಇದ್ದೇನೆ, ಇನ್ನು ಮಾತ್ರೆ ಬಿಡಬಹುದಲ್ಲ?"

ಬಿಡಬಾರದು. ಆದರೆ ಎಣ್ಣೆಯಿಂದ ಏನೂ ಪ್ರಯೋಜನವಿಲ್ಲ ಎಂದೂ ನಾನು ಹೇಳಲಾರೆ. ರೋಗನ್, ಅಂದರೆ ಎಣ್ಣೆ, ನಮ್ಮ ಯುನಾನಿ ಔಷಧಗಳಲ್ಲಿ ದೊಡ್ಡ ಪಾಲು ಪಡೆದಿದೆ. ಆದ್ದರಿಂದಲೇ ಯಾವ ಎಣ್ಣೆಯಿಂದ ಎಷ್ಟು ಲಾಭ ಎಂಬುದನ್ನು ಅಳೆದು ಹೇಳುವ ಹೊಣೆ ನಮಗೆ ಹೆಚ್ಚು.

ಮೊದಲು ಒಂದು ವಿಷಯ. ಎರಡನೇ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ಇದ್ದರೂ ಯಕೃತ್ತು ಮತ್ತು ಸ್ನಾಯುಗಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಇದಕ್ಕೆ ಒಂದು ದೊಡ್ಡ ಕಾರಣ ಅವುಗಳೊಳಗೆ ಸೇರಿಕೊಂಡ ಕೊಬ್ಬು. ಅಂದರೆ ಈ ಕಾಯಿಲೆಯಲ್ಲಿ ಕೊಬ್ಬು ಶತ್ರುವೂ ಹೌದು, ಸರಿಯಾದದ್ದನ್ನು ಆರಿಸಿಕೊಂಡರೆ ಸಹಾಯಕನೂ ಹೌದು. ಎಣ್ಣೆ ಯಾವುದೇ ಇರಲಿ, ಒಂದು ದೊಡ್ಡ ಚಮಚದಲ್ಲಿ ಸುಮಾರು 120 ಕ್ಯಾಲರಿ ಇದ್ದೇ ಇರುತ್ತದೆ. ಹಳೆಯ ಅಡುಗೆ ಹಾಗೆಯೇ ನಡೆಯುತ್ತಾ ಅದರ ಮೇಲೆ ದಿನಕ್ಕೆರಡು ಚಮಚ "ಒಳ್ಳೆಯ ಎಣ್ಣೆ" ಕುಡಿದರೆ ಹೊಟ್ಟೆ ಬೆಳೆಯುತ್ತದೆ, ಸಕ್ಕರೆಯೂ ಏರುತ್ತದೆ.

ಈಗ ಕರಿಜೀರಿಗೆಗೆ ಬರೋಣ. ಅದರ ಬಗ್ಗೆ ಹದೀಸ್‌ನಲ್ಲಿರುವ ಮಾತು ನಮಗೆಲ್ಲ ಗೊತ್ತು. ಆದರೆ ಆ ಮಾತು ಎಷ್ಟು ಹನಿ, ಯಾವ ಮಾತ್ರೆಯ ಬದಲಿಗೆ ಎಂದು ಬರೆದುಕೊಟ್ಟ ಚೀಟಿಯಲ್ಲ. 2010ರಲ್ಲಿ ಪ್ರಕಟವಾದ ಸೌದಿ ಅರೇಬಿಯದ ಒಂದು ಅಧ್ಯಯನದಲ್ಲಿ 94 ಮಧುಮೇಹಿಗಳಿಗೆ ದಿನಕ್ಕೆ 1, 2 ಅಥವಾ 3 ಗ್ರಾಂ ಕರಿಜೀರಿಗೆ ಕೊಟ್ಟು ನೋಡಿದರು. 2 ಗ್ರಾಂ ತೆಗೆದುಕೊಂಡವರಲ್ಲಿ ಮೂರು ತಿಂಗಳಿಗೆ ಎಚ್‌ಬಿಎ1ಸಿ ಸುಮಾರು ಒಂದೂವರೆ ಅಂಶ ಇಳಿಯಿತು. 3 ಗ್ರಾಂ ತೆಗೆದುಕೊಂಡವರಿಗೆ ಅದಕ್ಕಿಂತ ಹೆಚ್ಚಿನ ಲಾಭ ಸಿಗಲಿಲ್ಲ. ಮುಖ್ಯವಾದುದು, ಅವರೆಲ್ಲರೂ ತಮ್ಮ ಮಾತ್ರೆಗಳನ್ನು ಮುಂದುವರಿಸಿದ್ದರು. ಇಲ್ಲಿ ಕೊಟ್ಟದ್ದು ಬೀಜ, ಎಣ್ಣೆಯಲ್ಲ ಎಂಬುದೂ ನೆನಪಿರಲಿ. ಅದರ ಮುಖ್ಯ ಅಂಶವಾದ ಥೈಮೋಕ್ವಿನೋನ್ ಒಂದೊಂದು ಬಾಟಲಿಯಲ್ಲಿ ಒಂದೊಂದು ಪ್ರಮಾಣದಲ್ಲಿರುತ್ತದೆ. ನಾನಂತೂ ಬೀಜವನ್ನೇ ಹೇಳುತ್ತೇನೆ. ಅದನ್ನೂ ನೋಡಿ ಕೊಳ್ಳಬೇಕು. ಹೆಸರು ಹತ್ತಿರವಿರುವುದರಿಂದ ಅಂಗಡಿಯಲ್ಲಿ ಶಾಹಿ ಜೀರಿಗೆಯನ್ನೋ ಕಹಿಯಾದ ಕಾಡುಜೀರಿಗೆಯನ್ನೋ ಕಟ್ಟಿಕೊಡುವುದುಂಟು. ಕಲೋಂಜಿ ಕಪ್ಪಗೆ, ಮೂಲೆ ಮೂಲೆಯಾಗಿ, ಈರುಳ್ಳಿ ಬೀಜದಂತೆ ಕಾಣುತ್ತದೆ.

ಆಲಿವ್ ಎಣ್ಣೆಗೆ ಇದಕ್ಕಿಂತ ದೊಡ್ಡ ಸಾಕ್ಷ್ಯವಿದೆ. ಸ್ಪೇನ್‌ನ ಪ್ರೆಡಿಮೆಡ್ ಅಧ್ಯಯನದಲ್ಲಿ ಸುಮಾರು 7,400 ಜನರಿದ್ದರು, ಅರ್ಧದಷ್ಟು ಮಂದಿ ಮಧುಮೇಹಿಗಳು. ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಅಥವಾ ಬಾದಾಮಿ, ಅಕ್ರೋಟ್‌ನಂಥ ಬೀಜಗಳಿದ್ದ ಆಹಾರ ಸೇವಿಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವು ಒಟ್ಟಾಗಿ ಸುಮಾರು ಶೇ. 30ರಷ್ಟು ಕಡಿಮೆಯಿದ್ದವು. 2013ರಲ್ಲಿ ಬಂದ ಈ ವರದಿಯನ್ನು, ಜನರನ್ನು ಗುಂಪು ಮಾಡಿದ ರೀತಿಯಲ್ಲಿ ದೋಷ ಕಂಡದ್ದರಿಂದ, 2018ರಲ್ಲಿ ಹಿಂತೆಗೆದು ಮತ್ತೆ ಲೆಕ್ಕ ಹಾಕಿ ಪ್ರಕಟಿಸಿದರು. ಫಲಿತಾಂಶ ಹೆಚ್ಚು ಬದಲಾಗಲಿಲ್ಲ. ಮಧುಮೇಹಿಗೆ ಹೃದಯದ ಅಪಾಯವೇ ದೊಡ್ಡದಾದ್ದರಿಂದ ಇದು ಸಣ್ಣ ಮಾತಲ್ಲ. ಆದರೆ ಅವರು ಆ ಎಣ್ಣೆಯನ್ನು ಬೇರೆ ಕೊಬ್ಬಿನ ಬದಲಿಗೆ, ತರಕಾರಿ, ಬೇಳೆಕಾಳು, ಮೀನಿನ ಜೊತೆ ಬಳಸಿದರು. ನಮ್ಮ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ 'ಪೊಮೇಸ್' ಎಣ್ಣೆ ಹಿಂಡಿಯಿಂದ ತೆಗೆದದ್ದು, ಅದು ಬೇರೆಯೇ ವಸ್ತು. ಬೆಲೆ ಎಟುಕದಿದ್ದರೆ ಬೇಸರ ಬೇಡ. ಆಲಿವ್‌ನ ಮುಖ್ಯ ಕೊಬ್ಬಾದ ಓಲೀಕ್ ಆಮ್ಲ ನಮ್ಮ ಕಡಲೆಕಾಯಿ ಎಣ್ಣೆಯಲ್ಲೂ ಅರ್ಧದಷ್ಟಿದೆ.

ಮೀನೆಣ್ಣೆಯದು ಬೇರೆ ಕತೆ. ಬ್ರಿಟನ್‌ನಲ್ಲಿ 15,480 ಮಧುಮೇಹಿಗಳಿಗೆ ದಿನಕ್ಕೊಂದು ಗ್ರಾಂನ ಒಮೆಗಾ-3 ಕ್ಯಾಪ್ಸೂಲನ್ನೋ ಬರೀ ಆಲಿವ್ ಎಣ್ಣೆಯ ಕ್ಯಾಪ್ಸೂಲನ್ನೋ ಏಳು ವರ್ಷಕ್ಕೂ ಹೆಚ್ಚು ಕಾಲ ಕೊಟ್ಟರು. 2018ರಲ್ಲಿ ಬಂದ ಫಲಿತಾಂಶದಲ್ಲಿ ಹೃದಯದ ರಕ್ಷಣೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಅದೇ ಪ್ರೆಡಿಮೆಡ್‌ನಲ್ಲಿ, ವಾರಕ್ಕೆ ಎರಡು ಬಾರಿ ಎಣ್ಣೆಯುಳ್ಳ ಮೀನು ತಿಂದರೆ ಸಿಗುವಷ್ಟು, ಅಂದರೆ ದಿನಕ್ಕೆ 500 ಮಿಲಿಗ್ರಾಂ ಒಮೆಗಾ-3 ಆಹಾರದಿಂದಲೇ ಪಡೆಯುತ್ತಿದ್ದ ಮಧುಮೇಹಿಗಳಲ್ಲಿ ದೃಷ್ಟಿಗೆ ಅಪಾಯ ತರುವ ಅಕ್ಷಿಪಟಲದ ರೋಗ ಸುಮಾರು ಅರ್ಧದಷ್ಟಿತ್ತು. ಮೀನು ತಿನ್ನುವವರ ಉಳಿದ ಅಭ್ಯಾಸಗಳೂ ಚೆನ್ನಾಗಿದ್ದಿರಬಹುದು, ಆದ್ದರಿಂದ ಇದನ್ನು ಪೂರ್ಣ ಪುರಾವೆ ಎನ್ನಲಾಗದು. ಆದರೂ ಕರಾವಳಿಯವರಿಗೆ ಇದು ಸಂತೋಷದ ಸುದ್ದಿ. ದುಬಾರಿ ಕ್ಯಾಪ್ಸೂಲಿನಲ್ಲಿರುವುದು ನಮ್ಮ ಬೂತಾಯಿ, ಬಂಗುಡೆಯಲ್ಲೇ ಇದೆ. ಸಾರು ಮಾಡಿ, ಪುಳಿಮುಂಚಿ ಮಾಡಿ. ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿಯಬೇಡಿ.

ಮೀನು ತಿನ್ನದವರಿಗೆ ಅಗಸೆ ಬೀಜವಿದೆ. ಅದರ ಒಮೆಗಾ-3ರಲ್ಲಿ ಸ್ವಲ್ಪ ಭಾಗವನ್ನು ಮಾತ್ರ ದೇಹ ಮೀನಿನಲ್ಲಿರುವ ರೂಪಕ್ಕೆ ತರಬಲ್ಲದು. ಪುಡಿ ಮಾಡಿಯೇ ತಿನ್ನಬೇಕು, ಇಡೀ ಬೀಜ ಹಾಗೆಯೇ ಹೊರಗೆ ಹೋಗುತ್ತದೆ.

ಕಾಲು ಉರಿ, ಜೋಮು ಇರುವವರು ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಬಗ್ಗೆ ಕೇಳುತ್ತಾರೆ. ಅದರಲ್ಲಿರುವ ಗಾಮಾ ಲಿನೊಲೆನಿಕ್ ಆಮ್ಲವನ್ನು ಮಧುಮೇಹಿಯ ದೇಹ ಸಾಕಷ್ಟು ತಯಾರಿಸಿಕೊಳ್ಳುವುದಿಲ್ಲ, ನರಗಳಿಗೆ ಅದು ಬೇಕು. 1993ರಲ್ಲಿ ವರದಿಯಾದ, 111 ರೋಗಿಗಳ ಒಂದು ವರ್ಷದ ಪರೀಕ್ಷೆಯಲ್ಲಿ ದಿನಕ್ಕೆ 480 ಮಿಲಿಗ್ರಾಂ ಕೊಟ್ಟಾಗ ನರಗಳು ಸುಧಾರಿಸಿದವು. ಆಸೆ ಹುಟ್ಟಿಸುವಂಥದ್ದೇ, ಆದರೆ ಒಂದು ಸಣ್ಣ ಪರೀಕ್ಷೆಯ ಮೇಲೆ ಪ್ರತಿ ತಿಂಗಳೂ ಹಣ ಖರ್ಚು ಮಾಡಿಸಲು ನನಗೆ ಮನಸ್ಸಿಲ್ಲ. ಆ ದುಡ್ಡಿಗೆ ಮೆತ್ತನೆಯ ಚಪ್ಪಲಿ ಬರುತ್ತದೆ.

"ಮಧುಮೇಹ ಗುಣಪಡಿಸುವ ಕೊಬ್ಬು ಪತ್ತೆ" ಎಂಬ ಸುದ್ದಿಯೂ ಆಗಾಗ ಮೊಬೈಲಿನಲ್ಲಿ ಸುತ್ತುತ್ತದೆ. 2014ರಲ್ಲಿ ಅಮೆರಿಕದ ವಿಜ್ಞಾನಿಗಳು ಅಂಥ ಹೊಸ ಬಗೆಯ ಕೊಬ್ಬನ್ನು ಕಂಡುಹಿಡಿದದ್ದು ನಿಜ. ಸಕ್ಕರೆ ಇಳಿದದ್ದು ಮಾತ್ರ ಇಲಿಗಳಲ್ಲಿ. ಬಳಿಕ ಬೇರೆ ಸಂಶೋಧಕರು ಪರೀಕ್ಷಿಸಿದಾಗ ಇಲಿಗಳಲ್ಲೂ ಆ ಪರಿಣಾಮ ಸಿಗಲಿಲ್ಲ.

ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಕರಿಜೀರಿಗೆ ಶುರು ಮಾಡಿದರೆ ಮೊದಲ ವಾರಗಳಲ್ಲಿ ಸಕ್ಕರೆಯನ್ನು ಹೆಚ್ಚು ಬಾರಿ ಪರೀಕ್ಷಿಸಿಕೊಳ್ಳಿ. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಸಕ್ಕರೆ ತೀರಾ ಇಳಿದಿದೆಯೆಂದು ತಿಳಿದು ತಕ್ಷಣ ಸಿಹಿ ತಿನ್ನಬೇಕು. ಮೂರು ತಿಂಗಳ ಎಚ್‌ಬಿಎ1ಸಿ ನೋಡಿದ ಮೇಲೆ ಮಾತ್ರೆ ಕಡಿಮೆ ಮಾಡಬೇಕೇ ಎಂಬುದನ್ನು ಅದನ್ನು ಬರೆದುಕೊಟ್ಟ ವೈದ್ಯರೇ ಹೇಳಲಿ. ಗರ್ಭಿಣಿಯರು, ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು, ಶಸ್ತ್ರಚಿಕಿತ್ಸೆಗೆ ದಿನ ನಿಗದಿಯಾದವರು ಈ ಯಾವ ಎಣ್ಣೆಯನ್ನೂ ಮದ್ದಿನಂತೆ ಕುಡಿಯುವ ಮೊದಲು ವೈದ್ಯರಿಗೆ ತಿಳಿಸಿ.