ಕುಮಾರಧಾರೆಯ ಮರಳು, ಮಂಗಳೂರಿನ ಕಡಲು

ಡಿಸೆಂಬರ್ ಬಂತೆಂದರೆ ಪುತ್ತೂರು, ಸುಳ್ಯ, ಕಡಬದ ಅಂಗಳಗಳಲ್ಲಿ ಅಡಿಕೆ ಒಣಗುತ್ತಿರುತ್ತದೆ. ಮಕ್ಕಳಿಗೆ ರಜೆ, ಕಡಲಿಗೆ ಹೋಗೋಣವೆಂಬ ಹಟ. ಪುತ್ತೂರಿನಿಂದ ಮಂಗಳೂರಿಗೆ 50 ಕಿ.ಮೀ. ಆಸುಪಾಸು. ಸೋಮೇಶ್ವರವೋ ಉಳ್ಳಾಲವೋ ತಣ್ಣೀರುಬಾವಿಯೋ, ಎಲ್ಲಿಗಾದರೂ ಸರಿ. ಘಟ್ಟದ ಬುಡದಲ್ಲಿ ಬೆಳಗ್ಗೆ ಶಾಲು ಹೊದ್ದು ಹೊರಟವರಿಗೆ ಮಧ್ಯಾಹ್ನ ಅಲ್ಲಿ 32 ಡಿಗ್ರಿಯ ಬಿಸಿಲು. ಹಾಗೆ ಹೋದವರ ಕಾಲಡಿಯ ಮರಳಿನಲ್ಲಿ ಅವರದೇ ಊರಿನ ಗುಡ್ಡಗಳ ಪಾಲಿದೆ.

ಪುಷ್ಪಗಿರಿಯ ಕಡೆಯಿಂದ ಇಳಿಯುವ ಕುಮಾರಧಾರೆ ಸುಬ್ರಹ್ಮಣ್ಯವನ್ನು ಹಾದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಮುಂದೆ ಉಳ್ಳಾಲಕ್ಕೂ ಬೆಂಗ್ರೆಗೂ ನಡುವಿನ ಅಳಿವೆ ಬಾಗಿಲಲ್ಲಿ ಸಮುದ್ರ. ಸುಳ್ಯದ ಪಯಸ್ವಿನಿಯ ದಾರಿ ಬೇರೆ. ಅದರ ನೀರು ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನ ಬಳಿ ಕಡಲು ಮುಟ್ಟುತ್ತದೆ. ಘಟ್ಟದ ಬಂಡೆಗಳ ಮೇಲೆ ಮಳೆ ಸುರಿದು ಸುರಿದು ಅವುಗಳೊಳಗಿನ ಮೆದು ಖನಿಜಗಳು ಜೇಡಿಯಾಗಿ ಕರಗುತ್ತವೆ. ಗಟ್ಟಿಯಾದ ಬೆಣಚುಕಲ್ಲು ಮಾತ್ರ ಹರಳಾಗಿ ಉಳಿದು, ನೆರೆಯಿಂದ ನೆರೆಗೆ ಉರುಳುತ್ತಾ ಕೆಳಗೆ ಬರುತ್ತದೆ. ತೀರದಲ್ಲಿ ಅಲ್ಲಲ್ಲಿ ಕಾಣುವ ಕಪ್ಪು ಗೆರೆಗಳನ್ನು ಎಣ್ಣೆಯ ಕೊಳೆಯೆಂದು ದಾಟಿಹೋಗಬೇಡಿ. ಒಂದು ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಅಲ್ಲಿ ಆಡಿಸಿ. ಕಪ್ಪು ಕಣಗಳು ಮೀಸೆಯಂತೆ ಅಂಟಿಕೊಂಡರೆ ಅದು ಮ್ಯಾಗ್ನೆಟೈಟ್, ಕಬ್ಬಿಣದ ಅದಿರು. ಭಾರದ ಕಣಗಳಾದ್ದರಿಂದ ಅಲೆ ಹಗುರ ಮರಳನ್ನು ಎಳೆದೊಯ್ದು ಇವನ್ನು ಬಿಟ್ಟುಹೋಗಿರುತ್ತದೆ.

ಮಳೆಗಾಲದ ಅಲೆಗಳು ಒಂದರ ಬೆನ್ನಿಗೆ ಒಂದು ಅಪ್ಪಳಿಸಿ ಮರಳನ್ನು ದಡದಿಂದ ಕಿತ್ತು, ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬವಾಗಿ ಒಟ್ಟುತ್ತವೆ. ಸೆಪ್ಟೆಂಬರ್ ಕಳೆದ ಮೇಲೆ ಅಲೆ ಸೌಮ್ಯ. ಮೇಲೇರಿದ ನೀರು ಅಲ್ಲೇ ಇಂಗುತ್ತದೆ, ಹೊತ್ತುತಂದ ಮರಳು ಉಳಿಯುತ್ತದೆ. ಹೀಗೆ ಡಿಸೆಂಬರಿನ ಹೊತ್ತಿಗೆ ತೀರ ಅಗಲವಾಗಿರುತ್ತದೆ. ಚಳಿಗಾಲದಲ್ಲಿ ಕಡಲು ಚೆಂದ ಅನ್ನಿಸುವುದಕ್ಕೆ ಇದು ದೊಡ್ಡ ಕಾರಣ.

ನೋಡಬೇಕಾದದ್ದು ಇಳಿತದ ಹೊತ್ತಿನಲ್ಲಿ, ಅದೂ ಜನ ಸೇರುವ ಮೊದಲು. ಒದ್ದೆ ಮರಳಿನ ಮೇಲೆ ಕಡಲೆಕಾಳಿಗಿಂತ ಚಿಕ್ಕ ಉಂಡೆಗಳು ಒಂದು ತೂತಿನ ಸುತ್ತ ಸಾಲುಸಾಲಾಗಿ ಬಿದ್ದಿದ್ದರೆ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಅಲುಗಾಡದೆ ಕಾಯಿರಿ. ಉಗುರಿನಷ್ಟೂ ಇಲ್ಲದ ಏಡಿ ಹೊರಬರುತ್ತದೆ. ಕೊಂಡಿಗಳಿಂದ ಮರಳನ್ನು ಬಾಚಿ ಬಾಯಿಗಿಡುತ್ತದೆ, ಕಣಗಳಿಗೆ ಅಂಟಿದ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನುತ್ತದೆ, ಮಿಕ್ಕ ಮರಳನ್ನು ಉಂಡೆ ಮಾಡಿ ಕೆಳಗಿಡುತ್ತದೆ. ಒಮ್ಮೆ ಸೋಸಿದ್ದನ್ನು ಮತ್ತೆ ಮುಟ್ಟದಿರಲು ಈ ಉಂಡೆಯೇ ಗುರುತು. ಉಬ್ಬರ ಬಂದು ಎಲ್ಲವನ್ನೂ ಅಳಿಸುತ್ತದೆ, ಮುಂದಿನ ಇಳಿತಕ್ಕೆ ಮತ್ತೆ ಶುರು. ಮೇಲಿನ ಒಣ ಮರಳಿನ ದೊಡ್ಡ ಬಿಲಗಳು ಬಿಳಚು ಬಣ್ಣದ, ಕಡ್ಡಿಗಣ್ಣಿನ ಏಡಿಯವು. ನೆಲದ ಮೇಲೆ ಓಡಾಡಿದರೂ ಅದು ಉಸಿರಾಡುವುದು ಕಿವಿರುಗಳಿಂದಲೇ. ಅವು ಒಣಗಬಾರದೆಂದು ತೇವ ಸಿಗುವವರೆಗೂ ಬಿಲ ತೋಡುತ್ತದೆ.

ಅಳಿವೆಯ ಕಡೆ ಗುಂಪಾಗಿ ಕೂತ ಬಿಳಿ ಕಡಲಕ್ಕಿಗಳು ಚಳಿಗಾಲದ ನೆಂಟರು. ಅವುಗಳಲ್ಲಿ ಕಂದುತಲೆಯದ್ದು ಮರಿಮಾಡುವುದು ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ. ಆದರೆ ಇಲ್ಲಿ ತಲೆ ಕಂದಾಗಿರುವುದಿಲ್ಲ, ಕಣ್ಣಿನ ಹಿಂದೊಂದು ಕಪ್ಪು ಮಚ್ಚೆ ಅಷ್ಟೇ. ವಾಪಸು ಹೊರಡುವ ದಿನ ಹತ್ತಿರವಾದಂತೆ ಕಂದುಬಣ್ಣ ಮರಳುತ್ತದೆ.

ನನಗೆ ಎಲ್ಲಕ್ಕಿಂತ ದೊಡ್ಡ ಸಂತೋಷ ಕೊಟ್ಟದ್ದು ಆಮೆಯ ಸುದ್ದಿ. 2024ರ ಆರಂಭದಲ್ಲಿ ಸಸಿಹಿತ್ಲು, ತಣ್ಣೀರುಬಾವಿಯ ಕಡೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಟ್ಟವು; ಅರಣ್ಯ ಇಲಾಖೆಯವರು ಗೂಡುಗಳಿಗೆ ಬೇಲಿ ಹಾಕಿ ಕಾದರು. ತಾಯಿ ಆಮೆ ಒಂದೂವರೆ ಅಡಿಯ ಗುಂಡಿಯಲ್ಲಿ ನೂರರಷ್ಟು ಮೊಟ್ಟೆಯಿಟ್ಟು, ಮುಚ್ಚಿ, ಸಮುದ್ರಕ್ಕೆ ಹಿಂದಿರುಗುತ್ತದೆ. ಆಮೇಲಿನ 45ರಿಂದ 60 ದಿನ ಕಾವು ಕೊಡುವುದು ಮರಳೇ. ಮರಿ ಗಂಡೋ ಹೆಣ್ಣೋ ಎಂಬುದೂ ಅದರ ಬಿಸಿಯಲ್ಲೇ ತೀರ್ಮಾನವಾಗುತ್ತದೆ: ಹೆಚ್ಚು ಬೆಚ್ಚಗಿದ್ದರೆ ಹೆಣ್ಣು, ತಂಪಾಗಿದ್ದರೆ ಗಂಡು. ಭೂಮಿ ಬಿಸಿಯಾಗುತ್ತಾ ಹೋದರೆ ಗಂಡುಮರಿಗಳು ಕಡಿಮೆಯಾಗುತ್ತವೆಂಬ ಆತಂಕ ಇಲ್ಲಿಂದಲೇ ಹುಟ್ಟಿದ್ದು.

ಈ ಗೂಡಿಗೆ ಉಬ್ಬರದ ಗೆರೆಗಿಂತ ಮೇಲೆ ಒಣ ಮರಳು ಬೇಕು. ಹೊಳೆಯಿಂದ ಮಿತಿಮೀರಿ ಮರಳು ತೆಗೆದರೆ ಕಡಲಿಗೆ ಬರುವ ಪಾಲು ಅಷ್ಟು ಕಡಿಮೆ. ಉಳ್ಳಾಲದ ಕಡಲ್ಕೊರೆತಕ್ಕೆ ಬಂದರಿನ ತಡೆಗೋಡೆ, ಅಲೆಗಳ ದಿಕ್ಕು ಎಂದು ಹಲವು ಕಾರಣಗಳನ್ನು ಚರ್ಚಿಸುತ್ತಾರೆ. ಹೊಳೆಯ ಲೆಕ್ಕವನ್ನೂ ಅಲ್ಲಿ ಸೇರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕೊರೆತ ತಡೆಯಲು ಬಂಡೆ ಒಟ್ಟಿದ ಕಡೆ ಆಮೆ ಹತ್ತಲಾರದು.

ಜನವರಿಯಿಂದ ಮಾರ್ಚ್‌ವರೆಗೆ ಹೋಗುವವರು ಮುಂಜಾನೆ, ನೀರಿನಿಂದ ಮೇಲಕ್ಕೆ ತೆವಳಿದ ಎರಡಡಿ ಅಗಲದ ಜಾಡು ಕಂಡರೆ ಅದನ್ನು ತುಳಿಯದೆ, ಅಗೆಯದೆ, ಅರಣ್ಯ ಇಲಾಖೆಗೆ ತಿಳಿಸಿ. ರಾತ್ರಿ ಅಲ್ಲಿ ಟಾರ್ಚು, ಕಾರಿನ ದೀಪ ಬೇಡ. ಮೊಟ್ಟೆಯೊಡೆದ ಮರಿಗಳು ನಸುಬೆಳಕಿನ ಕಡೆಯೇ ಕಡಲೆಂದು ಹೊರಡುತ್ತವೆ. ದೀಪ ರಸ್ತೆಯ ಬದಿಗಿದ್ದರೆ ರಸ್ತೆಗೇ ಬರುತ್ತವೆ.