ಒಂದು ಉತ್ತರದ ಹಿಂದೆ ಐದು ಸಾವಿರ ಜನ

ಮುಂದಿನ ಮೂರು ತಿಂಗಳಲ್ಲಿ ನಿಮ್ಮಲ್ಲಿ ಕೆಲಸಗಾರರು ಹೆಚ್ಚುತ್ತಾರೆಯೇ, ಇದ್ದಷ್ಟೇ ಇರುತ್ತಾರೆಯೇ, ಕಡಿಮೆಯಾಗುತ್ತಾರೆಯೇ? ಜರ್ಮನಿಯ ಮ್ಯೂನಿಕ್‌ನಲ್ಲಿರುವ ಇಫೋ ಸಂಸ್ಥೆ ಪ್ರತಿ ತಿಂಗಳೂ ಸುಮಾರು 9,000 ಕಂಪನಿಗಳ ಮುಂದೆ ಈ ಪ್ರಶ್ನೆ ಇಡುತ್ತದೆ. ಎಷ್ಟು ಜನ ಹೆಚ್ಚು, ಎಷ್ಟು ಜನ ಕಡಿಮೆ ಎಂದು ಕೇಳುವುದೇ ಇಲ್ಲ. ಮೂರರಲ್ಲಿ ಒಂದು ಉತ್ತರ ಆರಿಸಿದರೆ ಸಾಕು. ಆ ದೇಶದಲ್ಲಿ ದುಡಿಯುವವರು ಸುಮಾರು 4.5 ಕೋಟಿ. ಭಾಗಿಸಿ ನೋಡಿದರೆ ಒಂದೊಂದು ಉತ್ತರದ ಹಿಂದೆ 5,000 ಜನರ ಅನ್ನ ನಿಂತಿದೆ!

ಇಷ್ಟು ಅಲ್ಪ ಮಾಹಿತಿಯಿಂದ ನಾಡಿನ ಉದ್ಯೋಗದ ದಿಕ್ಕು ತಿಳಿಯುವುದು ಹೇಗೆ? ಕೆಲಸಕ್ಕೆ ಸೇರಿಸಿಕೊಳ್ಳುವುದೂ ತೆಗೆಯುವುದೂ ಒಂದು ದಿನದ ಮಾತಲ್ಲ. ಆರ್ಡರ್ ಬರುತ್ತದೆ ಅಥವಾ ನಿಲ್ಲುತ್ತದೆ, ಮಾಲೀಕರು ಲೆಕ್ಕ ಹಾಕುತ್ತಾರೆ, ಆಮೇಲಷ್ಟೇ ಸಂಬಳದ ಪಟ್ಟಿ ಬದಲಾಗುತ್ತದೆ. ಸರ್ಕಾರಿ ಅಂಕಿಅಂಶ ಆ ಪಟ್ಟಿಯನ್ನು ಎಣಿಸುತ್ತದೆ. ಸಮೀಕ್ಷೆ ಅದಕ್ಕೂ ಮೊದಲೇ ಮಾಲೀಕರ ಮನಸ್ಸನ್ನು ಓದುತ್ತದೆ.

ಆದರೆ ದಿಕ್ಕು ಬೇರೆ, ಆಳ ಬೇರೆ. ಇದು ಕಣ್ಣಿಗೆ ಹೊಡೆದಂತೆ ಕಂಡದ್ದು ಕೋವಿಡ್ ಲಾಕ್‌ಡೌನ್‌ನ 2020ರ ಏಪ್ರಿಲ್‌ನಲ್ಲಿ. ಕಂಪನಿಗಳನ್ನು ಇಂಥದೇ ಪ್ರಶ್ನೆ ಕೇಳಿ ಪ್ರತಿ ತಿಂಗಳು ಲೆಕ್ಕ ಹಾಕುವ ಭಾರತದ ಸೇವಾ ವಲಯದ ಪಿಎಂಐ ಸೂಚ್ಯಂಕ ಮಾರ್ಚ್‌ನಲ್ಲಿ 49.3 ಇದ್ದದ್ದು ಒಂದೇ ತಿಂಗಳಲ್ಲಿ 5.4ಕ್ಕೆ ಕುಸಿಯಿತು. ವಹಿವಾಟು ಹೆಚ್ಚಿತು ಎಂದವರ ಶೇಕಡಾವಾರು ಪಾಲಿಗೆ, ಹಾಗೇ ಇದೆ ಎಂದವರ ಪಾಲಿನ ಅರ್ಧವನ್ನು ಕೂಡಿಸಿದರೆ ಬರುವ ಸಂಖ್ಯೆ ಇದು. 50 ಎಂದರೆ ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ. ಹೆಚ್ಚಿತು ಎಂದವರು ಒಬ್ಬರೂ ಇರಲಿಲ್ಲ ಎಂದೇ ಇಟ್ಟುಕೊಳ್ಳಿ, ಆಗಲೂ ಹಾಗೇ ಇದೆ ಎನ್ನಬಲ್ಲವರು 100ಕ್ಕೆ 11 ಮಾತ್ರ. ಉಳಿದ 89 ಕಂಪನಿಗಳು ಇಳಿಜಾರಿನಲ್ಲಿದ್ದವು. ಒಂದು ರೂಪಾಯಿ ಕಳೆದುಕೊಂಡವರೂ ಬಾಗಿಲು ಮುಚ್ಚಿದವರೂ ಈ ಲೆಕ್ಕದಲ್ಲಿ ಒಂದೇ.

ಅದೇ ತಿಂಗಳು ಇಫೋದ ವ್ಯಾಪಾರ ವಿಶ್ವಾಸ ಸೂಚ್ಯಂಕವೂ ಅದುವರೆಗಿನ ಅತಿ ಕೆಳಮಟ್ಟಕ್ಕೆ ಇಳಿಯಿತು. ಆದರೂ ಜರ್ಮನಿಯಲ್ಲಿ ಆ ವರ್ಷ ಉದ್ಯೋಗ ಕಡಿಮೆಯಾದದ್ದು ಶೇ. 1ರ ಆಸುಪಾಸು. ಕುರ್ಟ್ಸ್‌ಆರ್ಬೈಟ್ ಎಂಬ ಅಲ್ಪಾವಧಿ ಕೆಲಸದ ವ್ಯವಸ್ಥೆಯಡಿ ಸುಮಾರು 60 ಲಕ್ಷ ಜನರ ದುಡಿಮೆಯ ಗಂಟೆಗಳು ಕಡಿತವಾದವು. ಕಳೆದುಹೋದ ಸಂಬಳದ ಒಂದು ಭಾಗವನ್ನು ಸರ್ಕಾರಿ ವಿಮಾ ನಿಧಿ ತುಂಬಿಕೊಟ್ಟಿತು. ಕೆಲಸ ಉಳಿಯಿತು.

ಭಾರತದಲ್ಲಿ ಅಂಥ ಆಸರೆ ಇರಲಿಲ್ಲ. 2019–20ರ ಸರಾಸರಿಗೆ ಹೋಲಿಸಿದರೆ ಆ ಏಪ್ರಿಲ್‌ನಲ್ಲಿ ಕೆಲಸ ಕಳೆದುಕೊಂಡವರು ಸುಮಾರು 12.2 ಕೋಟಿ ಎಂದು ಆರ್ಥಿಕ ಅಂಕಿಅಂಶ ಕಲೆಹಾಕುವ ಸಿಎಂಐಇ ಸಂಸ್ಥೆ ಅಂದಾಜಿಸಿತು. ಅಂದರೆ ಜರ್ಮನಿಯ ದುಡಿಯುವ ಜನರೆಲ್ಲರ ಎರಡೂವರೆ ಪಟ್ಟಿಗಿಂತ ಹೆಚ್ಚು. ನನ್ನನ್ನು ಹೆಚ್ಚು ಕಾಡುವುದು ಅದರೊಳಗಿನ ಇನ್ನೊಂದು ಅಂಕಿ: ಅವರಲ್ಲಿ 9.1 ಕೋಟಿ ಮಂದಿ ಸಣ್ಣ ವ್ಯಾಪಾರಿಗಳು ಮತ್ತು ಕೂಲಿಕಾರರು. ಪಿಎಂಐ ಪ್ರಶ್ನೆ ಕೇಳುವುದು ಸುಮಾರು 400 ಸೇವಾ ಕಂಪನಿಗಳ ವ್ಯವಸ್ಥಾಪಕರನ್ನು. ತಳ್ಳುಗಾಡಿಯವರಿಗೆ, ಗಾರೆ ಕೆಲಸದವರಿಗೆ ಆ ಪ್ರಶ್ನೆಪತ್ರ ತಲುಪುವುದಿಲ್ಲ. ಮುಂದಿನ ವಾರ ಎಷ್ಟು ಆಳು ಬೇಕೆಂಬುದು ಕಟ್ಟಡದ ಮೇಸ್ತ್ರಿಗೆ ಗೊತ್ತಿರುತ್ತದೆ. ಅವರನ್ನೂ ತಿಂಗಳಿಗೊಮ್ಮೆ ಇದೇ ಮೂರು ಉತ್ತರದ ಪ್ರಶ್ನೆ ಕೇಳುವ ಏರ್ಪಾಡು ನಮ್ಮಲ್ಲಿ ಆಗಬೇಕು.