ವೋಕೋಡರ್

ವೋಕೋಡರ್ ಎಂಬುದು ಮನುಷ್ಯನ ಮಾತಿನ ಲಕ್ಷಣಗಳನ್ನು ಬೇರೊಂದು ಧ್ವನಿಯ ಮೇಲೆ ಮೂಡಿಸುವ ಸಾಧನ ಅಥವಾ ತಂತ್ರಾಂಶವಾಗಿದೆ. ವಾದ್ಯವೇ ಮಾತನಾಡುತ್ತಿದೆ ಅಥವಾ ಯಂತ್ರಮಾನವನೊಬ್ಬ ಹಾಡುತ್ತಿದ್ದಾನೆ ಎಂಬ ಭಾವನೆಯನ್ನು ಉಂಟುಮಾಡಲು ಸಂಗೀತ ನಿರ್ಮಾಣದಲ್ಲಿ ಇದನ್ನು ಬಳಸಲಾಗುತ್ತದೆ.

ಇತಿಹಾಸ

ಇದು ಸಂಗೀತಕ್ಕಾಗಿ ಹುಟ್ಟಿದ ಉಪಕರಣವಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ಹೋಮರ್ ಡಡ್ಲಿ ದೂರವಾಣಿ ಮಾರ್ಗಗಳಲ್ಲಿ ಮಾತನ್ನು ಸಂಕ್ಷೇಪಿಸಿ ಸಾಗಿಸುವ ಉದ್ದೇಶದಿಂದ ಇದನ್ನು ರೂಪಿಸಿದರು. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ನಾಯಕರ ಗುಪ್ತ ಸಂಭಾಷಣೆಗೆ 1943ರಿಂದ ಬಳಕೆಯಾದ ಸಿಗ್‌ಸ್ಯಾಲಿ ವ್ಯವಸ್ಥೆಯು ಇದೇ ತತ್ತ್ವವನ್ನು ಆಧರಿಸಿತ್ತು. 1970ರಲ್ಲಿ ವೆಂಡಿ ಕಾರ್ಲೋಸ್ ಮತ್ತು ರಾಬರ್ಟ್ ಮೋಗ್ ಸಂಗೀತಕ್ಕೆ ಒಗ್ಗುವ ವೋಕೋಡರನ್ನು ಸಿದ್ಧಪಡಿಸಿದರು. 'ಎ ಕ್ಲಾಕ್‌ವರ್ಕ್ ಆರೆಂಜ್' (1971) ಚಲನಚಿತ್ರದಲ್ಲಿ ಬೀಥೋವನ್‌ನ ಒಂಬತ್ತನೆಯ ಸಿಂಫನಿಯ ಗಾಯನಭಾಗ ಇದರ ಮೂಲಕವೇ ಕೇಳಿಬಂದಿತು. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡವು 'ಆಟೋಬಾನ್' (1974) ಗೀತಸಂಪುಟದಲ್ಲಿ ಇದನ್ನು ಬಳಸಿತು.

ಕಾರ್ಯವಿಧಾನ

ವೋಕೋಡರಿಗೆ ಎರಡು ಧ್ವನಿಗಳು ಬೇಕು. ಮೊದಲನೆಯದು ಮಾಡ್ಯುಲೇಟರ್, ಸಾಮಾನ್ಯವಾಗಿ ಮಾತು ಅಥವಾ ಹಾಡು. ಎರಡನೆಯದು ಕ್ಯಾರಿಯರ್, ಸಾಮಾನ್ಯವಾಗಿ ಸಿಂಥಸೈಜರಿನ ನಾದ. ಎರಡನ್ನೂ ಕಂಪನಾಂಕಗಳಿಗೆ ಅನುಗುಣವಾಗಿ ಹಲವು ಬ್ಯಾಂಡ್‌ಗಳಾಗಿ ಸೋಸಲಾಗುತ್ತದೆ. ಮಾತಿನ ಪ್ರತಿಯೊಂದು ಬ್ಯಾಂಡಿನ ಪ್ರಬಲತೆ ಕ್ಷಣಕ್ಷಣಕ್ಕೂ ಏರಿಳಿದಂತೆ ಕ್ಯಾರಿಯರಿನ ಅದೇ ಬ್ಯಾಂಡ್ ಏರಿಳಿಯುತ್ತದೆ. ಆದ್ದರಿಂದ ಅಕ್ಷರಗಳು ಬಾಯಿಂದಲೂ ಸ್ವರಗಳು ವಾದ್ಯದಿಂದಲೂ ಒದಗುತ್ತವೆ. ಶ್ರುತಿ ತಪ್ಪುವವರೂ ನಿರಾತಂಕವಾಗಿ ಬಳಸಬಹುದು. ಸುಮ್ಮನೆ ಮಾತನಾಡಿದರೂ ಸಾಕು.

ತಂತ್ರಾಂಶಗಳಲ್ಲಿ ಬಳಕೆ

ಲಾಜಿಕ್ ಪ್ರೊದಲ್ಲಿ ಇವಾಕ್ 20, ಎಫ್‌ಎಲ್ ಸ್ಟುಡಿಯೋದಲ್ಲಿ ವೋಕೋಡೆಕ್ಸ್ ಎಂಬ ಹೆಸರಿನಲ್ಲಿ ಈ ಸೌಲಭ್ಯವಿದೆ. ಏಬಲ್ಟನ್ ಲೈವ್‌ನಲ್ಲಿ ಧ್ವನಿಯ ಟ್ರ್ಯಾಕಿಗೆ ವೋಕೋಡರನ್ನು ಸೇರಿಸಿ, ಕ್ಯಾರಿಯರ್ ಆಯ್ಕೆಯಲ್ಲಿ 'ಎಕ್ಸ್‌ಟರ್ನಲ್' ಎಂಬುದನ್ನು ಆರಿಸಿ, ಸಿಂಥಸೈಜರಿನ ಟ್ರ್ಯಾಕನ್ನು ಸೂಚಿಸಬೇಕು. ಉಚಿತ ತಂತ್ರಾಂಶವಾದ ಆಡಾಸಿಟಿಯಲ್ಲಿ ಸ್ಟೀರಿಯೋ ಟ್ರ್ಯಾಕಿನ ಎಡಭಾಗದಲ್ಲಿ ಮಾತು, ಬಲಭಾಗದಲ್ಲಿ ಕ್ಯಾರಿಯರ್ ಇರಬೇಕು.

ಹೊಸಬರಿಗೆ ಎದುರಾಗುವ ಮೊದಲ ತೊಡಕು ನಿಶ್ಶಬ್ದ. ಎರಡು ಧ್ವನಿಗಳೂ ಏಕಕಾಲದಲ್ಲಿ ಇದ್ದರೆ ಮಾತ್ರ ಫಲಿತಾಂಶ ದೊರೆಯುತ್ತದೆ. ಮಾತನಾಡುವಾಗ ಕೀಲಿಮಣೆಯನ್ನೂ ಒತ್ತಿರಬೇಕು. ಕ್ಯಾರಿಯರ್ ಉಪಸ್ವರಗಳಿಂದ ತುಂಬಿರುವುದೂ ಅಗತ್ಯ. ಗರಗಸದಲೆಯ ನಾದ ಇದಕ್ಕೆ ಒಪ್ಪುತ್ತದೆ. ಒಂದೇ ಕಂಪನಾಂಕದ ಶುದ್ಧ ಸೈನ್ ಅಲೆಯ ಮೇಲೆ ಅಕ್ಷರಗಳು ಮೂಡುವುದಿಲ್ಲ. ಬ್ಯಾಂಡ್‌ಗಳ ಸಂಖ್ಯೆ ಹೆಚ್ಚಿದಂತೆ ಮಾತು ಸ್ಪಷ್ಟವಾಗುತ್ತದೆ, ಆದರೆ ಹಳೆಯ ಯಂತ್ರಗಳ ಒರಟು ಸೊಗಸು ಕಡಿಮೆಯಾಗುತ್ತದೆ. ಸಂಖ್ಯೆಯನ್ನು ಗರಿಷ್ಠ ಮಟ್ಟಕ್ಕೆ ಏರಿಸುವುದೇ ಉತ್ತಮವೆಂದು ಭಾವಿಸಬೇಕಾಗಿಲ್ಲ.

ನಿಜವಾದ ಪರೀಕ್ಷೆ ಇರುವುದು ವ್ಯಂಜನಗಳಲ್ಲಿ. ಸ, ಶ, ಚ ಮೊದಲಾದ ಅಘೋಷ ಧ್ವನಿಗಳಿಗೆ ಶ್ರುತಿಯಿಲ್ಲ. ಅವು ಗಾಳಿಯ ಸದ್ದು ಮಾತ್ರ. ಕ್ಯಾರಿಯರಿನಲ್ಲಿ ಉನ್ನತ ಕಂಪನಾಂಕಗಳು ಸಾಲದಿದ್ದರೆ 'ಸರಿ' ಎಂಬುದು 'ಅರಿ' ಎಂದು ಕೇಳಿಸೀತು. ಆದ್ದರಿಂದ ಅನೇಕ ತಂತ್ರಾಂಶಗಳು ಅಂತಹ ಅಕ್ಷರಗಳಿಗೆ ಮೊರೆತದಂತಹ ನಾಯ್ಸನ್ನು ಬೆರೆಸಲು 'ಅನ್‌ವಾಯ್ಸ್ಡ್' ಎಂಬ ನಿಯಂತ್ರಣವನ್ನು ಒದಗಿಸುತ್ತವೆ.

ಆಟೋಟ್ಯೂನ್ ಬೇರೆ. ಅದು ಗಾಯಕರ ಸ್ವರವನ್ನೇ ತಿದ್ದುತ್ತದೆ; ಎರಡನೆಯ ಧ್ವನಿ ಅದಕ್ಕೆ ಬೇಡ. ಷೆರ್ ಅವರ 'ಬಿಲೀವ್' (1998) ಹಾಡಿನ ಪರಿಣಾಮವನ್ನು ಅದರ ನಿರ್ಮಾಪಕರೇ ಆರಂಭದಲ್ಲಿ ವೋಕೋಡರಿನದೆಂದು ಹೇಳಿದ್ದರಿಂದ ಈ ಗೊಂದಲ ಬೆಳೆಯಿತು.

ಸಂಗೀತದಾಚೆಗೆ

ಕ್ಯಾರಿಯರ್ ಆಗಿ ಬರಿಯ ನಾಯ್ಸನ್ನು ಬಳಸಿದರೆ ಪಿಸುಮಾತಿನಂತಹ ಧ್ವನಿ ಸಿಗುತ್ತದೆ. ಕೇವಲ ನಾಲ್ಕು ಬ್ಯಾಂಡ್‌ಗಳ ಇಂತಹ ಮಾತನ್ನೂ ಕೇಳುಗರು ಅಭ್ಯಾಸದ ನಂತರ ಬಹುಮಟ್ಟಿಗೆ ಗ್ರಹಿಸಬಲ್ಲರೆಂದು 1995ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಿಕೊಂಡವರಿಗೆ ಮಾತು ಹೇಗೆ ಕೇಳಿಸಬಹುದೆಂದು ಅಂದಾಜಿಸಲು ಸಂಶೋಧಕರು ಇದೇ ವಿಧಾನವನ್ನು ಬಳಸುತ್ತಾರೆ.